ಕೇಂದ್ರಾಡಳಿತ ಪ್ರದೇಶದ ಮಸೂದೆ: ನಾನು ಬರೆಯುವ ರೀತಿ

ಶಾಸಕರಿಗೆ ಮಸೂದೆಯ ಕರಡು ಬರೆದುಕೊಡುವುದು ನನ್ನ ಕೆಲಸ. ರಾಜ್ಯದ ವಿಧಾನಸಭೆಗಾದರೆ ಸಂವಿಧಾನದ ಏಳನೇ ಅನುಸೂಚಿ ತೆರೆದು, ವಿಷಯ ಯಾವ ಪಟ್ಟಿಯಲ್ಲಿದೆ, ಅಂದರೆ ಕೇಂದ್ರದ್ದೋ, ರಾಜ್ಯದ್ದೋ, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯೋ ಅಂತ ನೋಡಿ ಶುರು ಮಾಡುತ್ತೇನೆ. ಕೇಂದ್ರಾಡಳಿತ ಪ್ರದೇಶಕ್ಕಾದರೆ ಅಲ್ಲಿನ ವಿಧಾನಸಭೆಗೆ ಅಧಿಕಾರ ಎಲ್ಲಿಂದ ಬಂತು ಅನ್ನೋದನ್ನು ಮೊದಲು ಓದಬೇಕು. ಪುದುಚೇರಿಗೆ ಅದು ಸಂಸತ್ತಿನ 1963ರ ಕಾಯ್ದೆಯಿಂದ ಬಂದಿದೆ, ದೆಹಲಿಗೆ ಸಂವಿಧಾನದ 239ಎಎ ವಿಧಿಯಿಂದ, ಜಮ್ಮು ಕಾಶ್ಮೀರಕ್ಕೆ 2019ರ ಪುನರ್‌ವಿಂಗಡಣೆ ಕಾಯ್ದೆಯಿಂದ. ದೆಹಲಿ ಸಭೆ ಸಾರ್ವಜನಿಕ ಸುವ್ಯವಸ್ಥೆ, ಪೊಲೀಸ್, ಭೂಮಿ ಈ ಮೂರನ್ನೂ ಮುಟ್ಟುವ ಹಾಗಿಲ್ಲ. ಜಮ್ಮು ಕಾಶ್ಮೀರಕ್ಕೆ ಮೊದಲ ಎರಡು ಇಲ್ಲ, ಭೂಮಿ ಇದೆ. ಪುದುಚೇರಿಯ ಕಾಯ್ದೆಯಲ್ಲಿ ಈ ಮೂರರಲ್ಲಿ ಯಾವುದನ್ನೂ ಹೊರಗಿಟ್ಟಿಲ್ಲ.

ಪುದುಚೇರಿಯ ಸದಸ್ಯರೊಬ್ಬರು ಮನೆ ಬಾಡಿಗೆಯ ತಕರಾರುಗಳನ್ನು ಬೇಗ ಮುಗಿಸಲು ಪ್ರತ್ಯೇಕ ಪ್ರಾಧಿಕಾರ ಬೇಕು, ದೆಹಲಿಯಲ್ಲಿ ಗೆಳೆಯರೊಬ್ಬರು ಬರೆಸಿದ ಕರಡನ್ನೇ ಸ್ವಲ್ಪ ತಿದ್ದಿಕೊಡಿ ಅಂದರು. ಅದು ಆಗಲ್ಲ ಅಂತ ಅವತ್ತೇ ಹೇಳಿದೆ. ಮನೆ ಬಾಡಿಗೆ ಸಮವರ್ತಿ ಪಟ್ಟಿಯ ವಿಷಯ, ಹಾಗಾಗಿ ಎರಡೂ ಸಭೆಗಳು ಅದರ ಮೇಲೆ ಕಾನೂನು ಮಾಡಬಹುದು, ನಿಜ. ಆದರೆ ದೆಹಲಿಯ 1958ರ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ಮಾಡಿದ್ದು ಸಂಸತ್ತು. ಅಲ್ಲಿನ ಸಭೆ ಅದಕ್ಕೆ ವಿರುದ್ಧವಾಗಿ ಏನಾದರೂ ಬರೆದರೆ, ಮಸೂದೆ ರಾಷ್ಟ್ರಪತಿಗಳ ಬಳಿ ಹೋಗಿ ಅಂಕಿತ ಪಡೆಯದ ಹೊರತು ಆ ಭಾಗ ನಿಲ್ಲುವುದಿಲ್ಲ. ಪುದುಚೇರಿಯ 1969ರ ಬಾಡಿಗೆ ಕಾಯ್ದೆ ಅಲ್ಲಿನ ಸಭೆಯೇ ಮಾಡಿದ್ದು. ತಮ್ಮದೇ ಕಾಯ್ದೆಗೆ ತಿದ್ದುಪಡಿ ತಂದರೆ ಸಾಕು. ಹಾಗಾಗಿ ದೆಹಲಿಯ ಕರಡು ಪಕ್ಕಕ್ಕಿಟ್ಟು, ತಿದ್ದುಪಡಿ ಮಸೂದೆಯನ್ನೇ ಬರೆದೆ.

ಜಾಸ್ತಿ ಹೊತ್ತು ಹಿಡಿದದ್ದು ದುಡ್ಡಿನ ವಿಷಯ. ಹೊಸ ಪ್ರಾಧಿಕಾರ ಅಂದರೆ ಸಂಬಳ, ಕಚೇರಿ. ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಖರ್ಚಾಗುವ ಮಸೂದೆಯನ್ನು ಅಲ್ಲಿನ ಆಡಳಿತದ ಮುಖ್ಯಸ್ಥರಾದ ಲೆಫ್ಟಿನೆಂಟ್ ಗವರ್ನರ್ ಶಿಫಾರಸು ಇಲ್ಲದೆ ಸಭೆ ಅಂಗೀಕರಿಸುವಂತಿಲ್ಲ. ಖಾಸಗಿ ಸದಸ್ಯರಿಗೆ, ಅಂದರೆ ಮಂತ್ರಿಯಲ್ಲದ ಶಾಸಕರಿಗೆ, ಆ ಶಿಫಾರಸು ಸಿಗುವುದು ಕಷ್ಟ, ಅಲ್ವಾ? ಅದಕ್ಕೇ ಪ್ರಾಧಿಕಾರವನ್ನೇ ಕೈಬಿಟ್ಟು, ಈಗಾಗಲೇ ಬಾಡಿಗೆ ಪ್ರಕರಣ ನೋಡುತ್ತಿರುವ ಅಧಿಕಾರಿಗಳಿಗೇ ತೀರ್ಪು ಕೊಡಲು ಕಾಲಮಿತಿ ಹಾಕಿದೆ. ಸದಸ್ಯರಿಗೆ ಮೊದಲು ಬೇಸರವಾಯಿತು, ಆಮೇಲೆ ಒಪ್ಪಿದರು.

ಸಭೆ ಅಂಗೀಕರಿಸಿದ ಮೇಲೂ ಲೆಫ್ಟಿನೆಂಟ್ ಗವರ್ನರ್ ಅಂಕಿತ ಹಾಕಬಹುದು, ತಡೆಹಿಡಿಯಬಹುದು, ರಾಷ್ಟ್ರಪತಿಗಳಿಗೆ ಕಳಿಸಬಹುದು. ಇಷ್ಟೆಲ್ಲ ದಾಟಿ ಬಂದ ಕಾನೂನಿನ ಮೇಲೂ ಸಂಸತ್ತು ಯಾವಾಗ ಬೇಕಾದರೂ ಬೇರೆ ಕಾನೂನು ಮಾಡಬಹುದು. 246ನೇ ವಿಧಿಯ ನಾಲ್ಕನೇ ಉಪವಿಧಿ ರಾಜ್ಯ ಪಟ್ಟಿಯ ವಿಷಯಗಳಲ್ಲೂ ಅದಕ್ಕೆ ಆ ಅಧಿಕಾರ ಕೊಟ್ಟಿದೆ. ಜನ ಓಟು ಹಾಕಿ ಆರಿಸಿದ ಸಭೆಗೆ ಇಷ್ಟು ಕಡಿಮೆ ಜಾಗ ಬಿಟ್ಟಿರುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಇರುವ ಜಾಗದಲ್ಲೇ ಮಸೂದೆ ಗಟ್ಟಿಯಾಗಿ ನಿಲ್ಲಬೇಕು. ಅದಕ್ಕೆ ಕರಡಿನ ಜೊತೆ ಒಂದು ಹಾಳೆ ಇಡುತ್ತೇನೆ: ಪ್ರತಿ ಖಂಡದ ಎದುರು ಪಟ್ಟಿಯ ಯಾವ ನಮೂದಿನ ಅಧಿಕಾರ, ಸಂಸತ್ತಿನ ಯಾವ ಕಾಯ್ದೆ ಅಡ್ಡ ಬರಬಹುದು, ಖರ್ಚು ಇದೆಯೋ ಇಲ್ಲವೋ. ಸದನದಲ್ಲಿ ಯಾರಾದರೂ ಎದ್ದು 'ಇದು ನಮ್ಮ ವ್ಯಾಪ್ತಿಯಲ್ಲಿಲ್ಲ' ಅಂದರೆ ಸದಸ್ಯರು ಆ ಹಾಳೆ ನೋಡಿಯೇ ಉತ್ತರ ಕೊಡುತ್ತಾರೆ.