ಕ್ಯಾರಿಯರ್ ಊಟಕ್ಕೆ ಕಡಿಮೆ ಸೋಡಿಯಂ ಉಪ್ಪು: ಎಲ್ಲಿ ಹಾಕಿದೆ, ಎಲ್ಲಿ ಬಿಟ್ಟೆ

ಹನುಮಂತನಗರದ ನಮ್ಮ ಮನೆಯಿಂದ ಸುತ್ತಮುತ್ತಲಿನ ಹಿರಿಯರಿಗೆ ಮಧ್ಯಾಹ್ನದ ಊಟ ಕಳಿಸುವುದು ನನ್ನ ಕೆಲಸ. ಹೆಚ್ಚಿನವರ ಮಕ್ಕಳು ಅಮೆರಿಕದಲ್ಲಿದ್ದಾರೆ, ಇಲ್ಲ ವೈಟ್‌ಫೀಲ್ಡ್‌ನಲ್ಲಿ. ಟ್ರಾಫಿಕ್ ಲೆಕ್ಕ ಹಾಕಿದರೆ ಎರಡೂ ಒಂದೇ. ಅನ್ನ, ಸಾರು ಅಥವಾ ಹುಳಿ, ಒಂದು ಪಲ್ಯ, ಮಜ್ಜಿಗೆ. ಖಾರ ಕಮ್ಮಿ, ಎಣ್ಣೆ ಕಮ್ಮಿ ಎಂದು ಮೊದಲಿಂದಲೂ ಹೇಳುತ್ತಿದ್ದವರು ಈಚೆಗೆ ಇನ್ನೊಂದು ಸೇರಿಸಿದ್ದಾರೆ: "ಅಮ್ಮಾ, ಆ ಲೋ ಸೋಡಿಯಂ ಉಪ್ಪು ಬಂದಿದೆಯಲ್ಲ, ಅದನ್ನೇ ಹಾಕಿಬಿಡಿ. ಬಿಪಿಗೆ ಒಳ್ಳೇದಂತೆ."

ಒಳ್ಳೆಯದು ಹೌದು, ಅದರಲ್ಲಿ ನನಗೆ ಅನುಮಾನವಿಲ್ಲ. ಸಾಮಾನ್ಯ ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ಈ ಉಪ್ಪಿನಲ್ಲಿ ಅದರ ಒಂದು ಭಾಗ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಸೋಡಿಯಂ ಕಡಿಮೆಯಾದರೆ ರಕ್ತದೊತ್ತಡ ಇಳಿಯುತ್ತದೆ, ಪೊಟ್ಯಾಸಿಯಂ ಹೆಚ್ಚಾದರೂ ಇಳಿಯುತ್ತದೆ, ಹಾಗಾಗಿ ಲಾಭ ಎರಡು ಕಡೆಯಿಂದ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಐದು ವರ್ಷ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಅವರೆಲ್ಲ ಹಿಂದೆ ಪಾರ್ಶ್ವವಾಯು ಹೊಡೆದಿದ್ದವರು, ಇಲ್ಲವೇ ಅರವತ್ತು ದಾಟಿ ಬಿಪಿ ಇದ್ದವರು. ಮುಕ್ಕಾಲು ಸೋಡಿಯಂ, ಕಾಲು ಭಾಗ ಪೊಟ್ಯಾಸಿಯಂ ಇದ್ದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು, ಸಾವು ಶೇಕಡಾ 12ರಷ್ಟು ಕಡಿಮೆ ಇತ್ತು. ನಮ್ಮ ಪಕ್ಕದ ತೆಲಂಗಾಣದ ಹಳ್ಳಿಗಳಲ್ಲಿ ಬಿಪಿ ಇರುವ ಸುಮಾರು 500 ಜನಕ್ಕೆ 70:30ರ ಉಪ್ಪು ಕೊಟ್ಟು ನೋಡಿದಾಗ, ಮೂರು ತಿಂಗಳಲ್ಲಿ ಮೇಲಿನ ಬಿಪಿ ಸರಾಸರಿ 4.6 ಅಂಕ ಇಳಿದಿತ್ತು. ಚೀನಾದ ಹಳ್ಳಿಯವರಂತೆ ನಾವೂ ಹೆಚ್ಚಿನ ಉಪ್ಪನ್ನು ಮನೆಯ ಒಲೆಯ ಮುಂದೆ ನಿಂತು ನಾವೇ ಹಾಕಿಕೊಳ್ಳುವವರು. ಹಾಗಾಗಿ ಡಬ್ಬಿಯ ಉಪ್ಪು ಬದಲಾಯಿಸಿದರೆ ನಮಗೆ ನಿಜಕ್ಕೂ ವ್ಯತ್ಯಾಸವಾಗುತ್ತದೆ.

ಮೊದಲು ನಮ್ಮ ಮನೆಯ ಡಬ್ಬಿಯನ್ನೇ ಬದಲಾಯಿಸಲು ಹೊರಟೆ. ಅತ್ತೆಗೆ ಸಕ್ಕರೆ ಕಾಯಿಲೆ, ಬಿಪಿಗೆ ಟೆಲ್ಮಿಸಾರ್ಟಾನ್ ಮಾತ್ರೆ. ಡಾಕ್ಟರ ಹತ್ತಿರ ಹೋದಾಗ ಕೇಳಿದೆ. "ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡದೆ ಬೇಡ" ಎಂದರು. ಕ್ರಿಯಾಟಿನಿನ್ ಎಂದರೆ ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ. ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೈಯಿಂದ ಹೊರಗೆ ಹಾಕುವುದು ಕಿಡ್ನಿ. ಕಿಡ್ನಿ ಸೋತಿದ್ದರೆ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ತಪ್ಪಿಸಬಲ್ಲದು, ಬಹಳ ಸಲ ಯಾವ ಮುನ್ಸೂಚನೆಯೂ ಇಲ್ಲದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ತರಹದ ಬಿಪಿ ಮಾತ್ರೆಗಳೂ, ಹೃದಯದ ತೊಂದರೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಕೂಡ ಪೊಟ್ಯಾಸಿಯಂ ಅನ್ನು ಒಳಗೇ ಹಿಡಿದಿಡುತ್ತವೆ. ಬಿಪಿಗೆ ಒಳ್ಳೆಯದು ಎಂದು ಈ ಉಪ್ಪನ್ನು ಹುಡುಕಿಕೊಂಡು ಹೋಗುವವರು ಬಿಪಿ ಇರುವವರೇ, ಅವರಲ್ಲಿ ಬಹಳ ಜನ ನುಂಗುತ್ತಿರುವುದೂ ಇವೇ ಮಾತ್ರೆಗಳನ್ನು. ಪ್ಯಾಕೆಟ್ಟಿನ ಹಿಂದೆ ಇರುವ ಸಣ್ಣ ಅಕ್ಷರದ ಎಚ್ಚರಿಕೆಯನ್ನು ಓದಲು ಅವರಿಗೆ ಭೂತಗನ್ನಡಿ ಬೇಕು.

ಅತ್ತೆಯ ಮೊದಲ ವರದಿಯಲ್ಲಿ ಪೊಟ್ಯಾಸಿಯಂ 5.7 ಬಂತು. 5ರ ಆಸುಪಾಸು ದಾಟಬಾರದು. ಡಾಕ್ಟರು ಗಾಬರಿಯಾಗಲಿಲ್ಲ, ಇಸಿಜಿ ನೋಡಿ ಅವತ್ತೇ ಇನ್ನೊಂದು ಸಲ ರಕ್ತ ಕೊಡಲು ಹೇಳಿದರು. ರಕ್ತ ತೆಗೆಯುವಾಗ ಪಟ್ಟಿ ಬಿಗಿದು ಮುಷ್ಟಿ ಹಿಡಿದು ಬಿಟ್ಟು ಮಾಡಿಸಿದರೆ, ಅಥವಾ ಟ್ಯೂಬಿನಲ್ಲಿ ರಕ್ತಕಣ ಒಡೆದರೆ, ಇಲ್ಲದ ಪೊಟ್ಯಾಸಿಯಂ ವರದಿಯಲ್ಲಿ ಕಾಣುತ್ತದಂತೆ. ಎರಡನೇ ಸಲ 4.6 ಬಂತು, ಕ್ರಿಯಾಟಿನಿನ್ ಸರಿಯಾಗಿತ್ತು. ಆಮೇಲೆಯೇ ಅವರು ಒಪ್ಪಿದ್ದು, ಅದೂ ಶುರು ಮಾಡಿದ ಕೆಲವು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕೆಂಬ ಕರಾರಿನ ಮೇಲೆ.

ರುಚಿಯ ವಿಷಯಕ್ಕೆ ಬರೋಣ. ಪೊಟ್ಯಾಸಿಯಂ ಕ್ಲೋರೈಡ್‌ಗೆ ಕೊನೆಯಲ್ಲಿ ಒಂದು ಕಹಿ, ಲೋಹ ನೆಕ್ಕಿದಂಥ ಕಹಿ ಇದೆ. ಬಸ್ಸಾರಿನಲ್ಲಿ ಅದು ಪತ್ತೆಯೇ ಇಲ್ಲ. ಹುಣಸೆಹುಳಿ, ಬೆಳ್ಳುಳ್ಳಿ, ಮೆಣಸು ಇರುವ ಕಡೆ ಅಡಗಿಬಿಡುತ್ತದೆ. ಗೊಜ್ಜಿನಲ್ಲಿ ಬೆಲ್ಲ ಅದನ್ನು ಮುಚ್ಚುತ್ತದೆ. ಮಜ್ಜಿಗೆಯಲ್ಲಿ ಮಾತ್ರ ಮೊದಲ ಗುಟುಕಿಗೇ ಸಿಕ್ಕಿಬೀಳುತ್ತದೆ. ಕೋಸಂಬರಿಯಲ್ಲೂ ಹಾಗೇ, ಬರೀ ತುಪ್ಪ-ಅನ್ನಕ್ಕೆ ಉದುರಿಸಿಕೊಂಡರೆ ಇನ್ನೂ ಜೋರು. "ಇದೇನೇ, ಮಜ್ಜಿಗೆಗೆ ಮಾತ್ರೆ ಅರೆದು ಹಾಕಿದೀಯಾ?" ಎಂದರು ಅತ್ತೆ. ಈಗ ಮಜ್ಜಿಗೆಗೆ ಉಪ್ಪೇ ಹಾಕುವುದಿಲ್ಲ. ಶುಂಠಿ, ಕರಿಬೇವು, ಕೊತ್ತಂಬರಿ ಜಜ್ಜಿ ಹಾಕಿ ಇಂಗಿನ ಒಗ್ಗರಣೆ ಕೊಡುತ್ತೇನೆ. ಒಂದು ವಾರ ಮುಖ ಸಿಂಡರಿಸಿದರು, ಆಮೇಲೆ ಸುಮ್ಮನಾದರು.

ಇನ್ನೊಂದು ಅಪಾಯ ಕೈಯದ್ದು. ಈ ಉಪ್ಪು ನಾಲಿಗೆಗೆ ಸ್ವಲ್ಪ ಸಪ್ಪೆ, ಕೈ ತಾನಾಗಿ ಇನ್ನೊಂದು ಚಿಟಿಕೆ ಹಾಕುತ್ತದೆ. ಪ್ಯಾಕೆಟ್ ಮೇಲೆ ಸೋಡಿಯಂ ಶೇಕಡಾ 15 ಕಮ್ಮಿ ಎಂದಿದ್ದರೆ, ಆ ಚಿಟಿಕೆಗೇ ಲಾಭವೆಲ್ಲ ಕರಗಿತು. ಅದಕ್ಕೇ ನಾನು ತಕ್ಕಡಿ ಇಟ್ಟುಕೊಂಡಿದ್ದೇನೆ. ತಕ್ಕಡಿ ಇಲ್ಲದವರು ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ನಾಲ್ಕು ಜನರ ಮನೆಯಲ್ಲಿ ಒಂದು ಕೇಜಿ ಒಂದು ತಿಂಗಳಿಗೆ ಖಾಲಿಯಾದರೆ ದಿನಕ್ಕೆ ತಲೆಗೆ 8 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ. ಉಪ್ಪಿನಕಾಯಿ, ಹಪ್ಪಳ, ನಿಪ್ಪಟ್ಟು, ಬೇಕರಿಯ ಕಾಂಗ್ರೆಸ್ ಕಡಲೆಬೀಜ ಈ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ.

ಸೈಂಧವ ಲವಣ ಹಾಕಿದರೆ ಸಾಲದೇ ಎನ್ನುವವರೂ ಇದ್ದಾರೆ. ಸಾಲದು. ಬಣ್ಣ ಗುಲಾಬಿಯಾದರೂ ಅದು ಹೆಚ್ಚುಕಮ್ಮಿ ಪೂರ್ತಿ ಸೋಡಿಯಂ ಕ್ಲೋರೈಡೇ, ಜೊತೆಗೆ ಸಾಮಾನ್ಯವಾಗಿ ಅಯೋಡಿನ್ ಇರುವುದಿಲ್ಲ. ಕಡಿಮೆ ಸೋಡಿಯಂ ಉಪ್ಪು ಕೊಳ್ಳುವಾಗಲೂ ಅಯೋಡಿನ್ ಸೇರಿಸಿದ್ದನ್ನೇ ನೋಡಿ ಕೊಳ್ಳಬೇಕು.

ಮನೆಯಲ್ಲಿ ಇಷ್ಟು ನಡೆದ ಮೇಲೆ ಕ್ಯಾರಿಯರ್ ಊಟದ ಪ್ರಶ್ನೆ ಎದುರಾಯಿತು. ನನ್ನ ಪಟ್ಟಿಯಲ್ಲಿ ಡಯಾಲಿಸಿಸ್‌ಗೆ ಹೋಗುವ ಮೇಷ್ಟ್ರೊಬ್ಬರಿದ್ದಾರೆ. ಅವರಿಗೆ ಎಳನೀರು ಬೇಡ, ಬಾಳೆಹಣ್ಣು ಬೇಡ, ತರಕಾರಿಯನ್ನೂ ಪೊಟ್ಯಾಸಿಯಂ ಇಳಿಯಲೆಂದು ಹೆಚ್ಚಿ ಜಾಸ್ತಿ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿ ಕೊಡುತ್ತೇನೆ. 70:30ರ ಉಪ್ಪು 5 ಗ್ರಾಂ ಹೊಟ್ಟೆಗೆ ಹೋದರೆ ಅದರಲ್ಲಿ ಪೊಟ್ಯಾಸಿಯಂ ಸುಮಾರು 780 ಮಿಲಿಗ್ರಾಂ, ಹತ್ತಿರ ಹತ್ತಿರ ಎರಡು ಪಚ್ಚಬಾಳೆಹಣ್ಣಿನಷ್ಟು. ಕಿಡ್ನಿ ಗಟ್ಟಿ ಇರುವವರಿಗೆ ಅದು ಬೇಕಾದದ್ದೇ. ಮೇಷ್ಟ್ರಿಗಾದರೆ ನಾನು ಚೆಲ್ಲಿದ್ದನ್ನು ಉಪ್ಪಿನ ಹೆಸರಿನಲ್ಲಿ ಮತ್ತೆ ತುಂಬಿ ಕೊಟ್ಟಂತೆ. ಚೀನಾದ ಆ ಪ್ರಯೋಗದಲ್ಲಿ ಈ ಉಪ್ಪು ತಿಂದವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರುವ ತೊಂದರೆ ಉಳಿದವರಿಗಿಂತ ಗಮನಾರ್ಹವಾಗಿ ಹೆಚ್ಚಾಗಿ ಕಾಣಲಿಲ್ಲ ಎಂದು ನನಗೆ ಓದಿ ಹೇಳಿದವರಿದ್ದಾರೆ. ನಿಜ, ಆದರೆ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು, ಪೊಟ್ಯಾಸಿಯಂ ಹಿಡಿದಿಡುವ ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತಿನ್ನುವವರನ್ನು ಅದಕ್ಕೆ ಸೇರಿಸಿಕೊಂಡೇ ಇರಲಿಲ್ಲ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪ್ಪಿನ ಪರವಾಗಿ ಸಲಹೆ ಕೊಟ್ಟಾಗಲೂ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳು ಇವರನ್ನು ಹೊರಗಿಟ್ಟೇ ಹೇಳಿತು.

ಮೇಷ್ಟ್ರ ವಿಷಯ ನನಗೆ ಗೊತ್ತು. ಗೊತ್ತಿಲ್ಲದವರದ್ದೇ ಚಿಂತೆ. ವರ್ಷಾನುಗಟ್ಟಲೆ ಸಕ್ಕರೆ ಕಾಯಿಲೆ ಇದ್ದು ಕ್ರಿಯಾಟಿನಿನ್ ನೋಡಿಸದೇ ಇರುವವರು ನನ್ನ ಪಟ್ಟಿಯಲ್ಲೇ ಇದ್ದಾರೆ. ಅದಕ್ಕೇ ಎಲ್ಲರಿಗೂ ಹೋಗುವ ಪಾತ್ರೆಗೆ ಸಾಮಾನ್ಯ ಅಯೋಡಿನ್ ಉಪ್ಪೇ, ಆದರೆ ಕಮ್ಮಿ. ಒಂದೇ ಸಲ ಇಳಿಸಿದ್ದರೆ ಕ್ಯಾರಿಯರ್ ತುಂಬಿಕೊಂಡೇ ವಾಪಸ್ ಬರುತ್ತಿತ್ತು. ವಾರಕ್ಕಿಷ್ಟು ಎಂದು ಇಳಿಸುತ್ತಾ ಬಂದೆ. ಸಾರಿಗೆ ಕೊನೆಯಲ್ಲಿ ನಿಂಬೆರಸ, ಪಲ್ಯಕ್ಕೆ ಹುರಿದ ಕೊಬ್ಬರಿ, ಹೊಸದಾಗಿ ಕುಟ್ಟಿದ ಮೆಣಸು. ಉಪ್ಪಿನಕಾಯಿ ಕೇಳಿದವರಿಗೆ ಮಾತ್ರ. ಪರೀಕ್ಷೆ ಮಾಡಿಸಿ ಡಾಕ್ಟರ ಒಪ್ಪಿಗೆ ಪಡೆದವರಿಗೆ ಉಪ್ಪಿಲ್ಲದ ಪಲ್ಯ, ಉಪ್ಪಿಲ್ಲದ ಸಾರು ಬೇರೆ ಡಬ್ಬಿಯಲ್ಲಿ ಹೋಗುತ್ತದೆ. ಅವರ ಉಪ್ಪನ್ನು ಅವರೇ ಹಾಕಿಕೊಳ್ಳುತ್ತಾರೆ. ಒಲೆ ಮೇಲೆ ಬೆಂದ ಉಪ್ಪಿನಷ್ಟು ಹೊಂದಿಕೊಳ್ಳುವುದಿಲ್ಲ ಎಂಬ ದೂರು ಇದೆ, ಅದನ್ನು ಕೇಳಿಸಿಕೊಳ್ಳುತ್ತೇನೆ.

ಹೊಸಬರು ಊಟಕ್ಕೆ ಸೇರುವಾಗ ಈಗ ಮೂರು ವಿಷಯ ಕೇಳುತ್ತೇನೆ: ಕಿಡ್ನಿ ತೊಂದರೆ ಇದೆಯೇ, ಯಾವ ಯಾವ ಮಾತ್ರೆ ತಗೋತೀರಿ, ಕ್ರಿಯಾಟಿನಿನ್ ಕೊನೆಗೆ ನೋಡಿಸಿದ್ದು ಯಾವಾಗ. "ಊಟಕ್ಕೋ ಆಪರೇಷನ್‌ಗೋ?" ಎಂದು ಶ್ರೀನಗರದ ಒಬ್ಬರು ನಕ್ಕರು. ಮೊನ್ನೆ ಅವರ ಮಗ ನ್ಯೂಜೆರ್ಸಿಯಿಂದ ಫೋನ್ ಮಾಡಿ, ಅಪ್ಪನಿಗೆ ಇವತ್ತಿನಿಂದಲೇ ಲೋ ಸೋಡಿಯಂ ಉಪ್ಪು ಶುರು ಮಾಡಿ ಆಂಟಿ, ದುಡ್ಡು ಎಷ್ಟಾದರೂ ಕಳಿಸ್ತೀನಿ ಎಂದ. ದುಡ್ಡು ಬೇಡಪ್ಪ, ರಿಪೋರ್ಟ್ ಕಳಿಸು ಎಂದಿದ್ದೇನೆ. ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಅವರಿಗೂ ಎಲ್ಲರ ಸಾರೇ.