ಕರ್ನಲ್‌ಗೆ 2 ಎಂಬಿ ಪೇಜ್ ಸೇರಿಸ್ತೀರಾ? ಮೊದಲು ಪೋಡಿ ಕೋಡ್ ಬರೆಯಿರಿ

ಸ್ವಂತ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುತ್ತಿರುವವರಿಗೆ ಇದು. ಪ್ರೊಸೆಸರ್ 64 ಬಿಟ್ ಎಕ್ಸ್86 ಅಂತ ಇಟ್ಟುಕೊಳ್ಳಿ. ಮೆಮೊರಿಯನ್ನು ಪೇಜ್ ಅನ್ನೋ ತುಂಡುಗಳಾಗಿ ಹಂಚುತ್ತೇವೆ, ಪ್ರೋಗ್ರಾಮಿನ ವರ್ಚುವಲ್ ವಿಳಾಸ ನಿಜವಾದ ಮೆಮೊರಿಯಲ್ಲಿ (ಫಿಸಿಕಲ್) ಎಲ್ಲಿದೆ ಅಂತ ಪೇಜ್ ಟೇಬಲಿನ ಎಂಟ್ರಿ ಹೇಳುತ್ತದೆ. ಮಾಮೂಲಿ ಪೇಜ್ 4 ಕೆಬಿ, ದೊಡ್ಡದು 2 ಎಂಬಿ, ಅಂದರೆ 512 ಸಣ್ಣ ಪೇಜಿನ ಜಾಗಕ್ಕೆ ಒಂದೇ ಎಂಟ್ರಿ. ಈ ಎಂಟ್ರಿಗಳನ್ನು ಪ್ರೊಸೆಸರ್ ನೆನಪಿಟ್ಟುಕೊಳ್ಳುವ ಟಿಎಲ್‌ಬಿ ಚಿಕ್ಕದಲ್ವಾ, ಅಲ್ಲಿ ಒಂದು ಎಂಟ್ರಿ 2 ಎಂಬಿ ಹಿಡಿದರೆ ಮಿಸ್ ಕಡಿಮೆ, ಮಿಸ್ ಆದರೂ ಪೇಜ್ ಟೇಬಲಿನಲ್ಲಿ 4 ಹಂತದ ಬದಲು 3 ಹಂತ ಇಳಿದರೆ ಸಾಕು.

ನಮ್ಮ ಸಿಂಧನೂರು ಕಡೆ ಹೊಲ ಇರುವವರಿಗೆ ಇದು ಬೇಗ ಅರ್ಥ ಆಗುತ್ತದೆ. ದೊಡ್ಡ ಪೇಜ್ ಅಂದರೆ ಇಡೀ ಹೊಲಕ್ಕೆ ಒಂದೇ ಸರ್ವೆ ನಂಬರ್, ಒಂದೇ ಪಹಣಿ. ಅಣ್ಣತಮ್ಮಂದಿರು ಪಾಲಾದ ದಿನ ಪೋಡಿ ಮಾಡಿಸಬೇಕು, ಅಂದರೆ ಆ ಒಂದು ನಂಬರನ್ನು ಪಾಲಿಗೊಂದರಂತೆ ಒಡೆಸಬೇಕು, ನಿಜವಾದ ಕೆಲಸ ಅವತ್ತು ಶುರು.

ಮ್ಯಾಪ್ ಮಾಡೋದು ಸುಲಭ. ವರ್ಚುವಲ್, ಫಿಸಿಕಲ್ ಎರಡೂ ವಿಳಾಸದ ಕೆಳಗಿನ 21 ಬಿಟ್ ಸೊನ್ನೆ ಇರಲಿ. ಪೇಜ್ ಡೈರೆಕ್ಟರಿ (ಮೂರನೇ ಹಂತದ ಟೇಬಲ್) ಎಂಟ್ರಿಯಲ್ಲಿ 7ನೇ ಬಿಟ್ ಹಾಕಿ, ಅದು ದೊಡ್ಡ ಪೇಜ್ ಅನ್ನೋ ಗುರುತು. ಅಷ್ಟೇ.

ಆಮೇಲೆ ಪೇಜ್ ಟೇಬಲ್ ಓದುವ ಪ್ರತಿಯೊಂದು ಫಂಕ್ಷನ್ ತೆರೆದು, ಆ ಬಿಟ್ ನೋಡುತ್ತದಾ ಅಂತ ಪರೀಕ್ಷಿಸಿ. ನಾನು ಅನ್‌ಮ್ಯಾಪ್ (ಮ್ಯಾಪ್ ತೆಗೆಯುವ ಫಂಕ್ಷನ್) ಒಂದನ್ನು ಬಿಟ್ಟಿದ್ದೆ. ಅದು ಪ್ರೋಗ್ರಾಮಿನ ಡೇಟಾವನ್ನೇ ಪೇಜ್ ಟೇಬಲ್ ಅಂದುಕೊಂಡು, ಅಲ್ಲಿದ್ದ ಅಕ್ಷರಗಳನ್ನು ವಿಳಾಸ ಅಂತ ಓದಿ, ಯಾರದೋ ಫ್ರೇಮ್‌ಗಳನ್ನು (ಫಿಸಿಕಲ್ ಮೆಮೊರಿಯ ತುಂಡುಗಳನ್ನು) ಫ್ರೀ ಮಾಡಿಬಿಟ್ಟಿತು. ಕ್ರ್ಯಾಶ್ ಆಗಿದ್ದು ಎಷ್ಟೋ ಹೊತ್ತಾದ ಮೇಲೆ, ಸಂಬಂಧವೇ ಇಲ್ಲದ ಕಡೆ. ಹುಡುಕೋಕೆ ಎರಡು ರಾತ್ರಿ ಹಿಡಿಯಿತು.

ಈಗ ಪೋಡಿ. 2 ಎಂಬಿ ನಡುವಿನ ಒಂದೇ 4 ಕೆಬಿಯನ್ನು ರೀಡ್-ಓನ್ಲಿ ಮಾಡು ಅಂತ ಪ್ರೋಗ್ರಾಮ್ ಕೇಳಿದರೆ ಒಡೆಯಲೇಬೇಕು. ಹೊಸ ಟೇಬಲ್ ತಗೊಂಡು 512 ಎಂಟ್ರಿ ತುಂಬಿ, ಅನುಮತಿ ಬಿಟ್‌ಗಳನ್ನು ಹಾಗೇ ಇಳಿಸಿ. ಪಿಎಟಿ ಬಿಟ್ (ಆ ಪೇಜನ್ನು ಹೇಗೆ ಕ್ಯಾಶ್ ಮಾಡಬೇಕು ಅಂತ ಹೇಳುವ ಬಿಟ್) ಮಾತ್ರ ಹುಷಾರು, ದೊಡ್ಡ ಪೇಜಿನಲ್ಲಿ ಅದು 12ನೇ ಜಾಗದಲ್ಲಿರುತ್ತದೆ, ಸಣ್ಣದರಲ್ಲಿ 7ನೇದು. ಆಮೇಲೆ ಹಳೇ ಎಂಟ್ರಿಯ ಪ್ರೆಸೆಂಟ್ ಬಿಟ್ ತೆಗೆದು, ಎಲ್ಲಾ ಕೋರ್‌ಗಳಲ್ಲೂ ಟಿಎಲ್‌ಬಿ ಫ್ಲಶ್ ಮಾಡಿಸಿ, ಡರ್ಟಿ ಬಿಟ್ (ಪೇಜಿಗೆ ಏನಾದರೂ ಬರೆದಿದೆ ಅನ್ನೋ ಗುರುತು) ಇನ್ನೊಮ್ಮೆ ನೋಡಿ, ಕೊನೆಗೆ ಹೊಸ ಟೇಬಲಿನ ವಿಳಾಸ ಬರೆಯಿರಿ. ಈ ಕ್ರಮ ತಪ್ಪಿಸಬೇಡಿ, ಒಂದೇ ವಿಳಾಸಕ್ಕೆ ದೊಡ್ಡದು ಸಣ್ಣದು ಎರಡೂ ಟಿಎಲ್‌ಬಿಯಲ್ಲಿ ಕೂತರೆ ಪ್ರೊಸೆಸರ್ ಯಾವುದನ್ನು ಹಿಡಿಯುತ್ತೋ ಹೇಳೋಕಾಗಲ್ಲ. ನಡುವೆ ಯಾರಾದರೂ ಆ ಜಾಗ ಮುಟ್ಟಿದರೆ ಫಾಲ್ಟ್ ಬರುತ್ತದೆ, ಅದನ್ನು ನೋಡಿಕೊಳ್ಳುವ ಹ್ಯಾಂಡ್ಲರ್ ಪೇಜ್ ಟೇಬಲಿನ ಲಾಕ್‌ಗೆ ಕಾದು ಮತ್ತೆ ನೋಡಲಿ.

ಒಡೆಯುವ ಹೊತ್ತಿಗೆ ಮೆಮೊರಿ ಖಾಲಿಯಾಗಿ ಹೊಸ ಟೇಬಲಿಗೇ ಜಾಗ ಸಿಗದಿದ್ದರೆ? ಲಿನಕ್ಸ್ ಇದಕ್ಕೆ ಚೆಂದದ ದಾರಿ ಮಾಡಿದೆ. ದೊಡ್ಡ ಪೇಜ್ ಮ್ಯಾಪ್ ಮಾಡುವಾಗಲೇ ಒಂದು ಖಾಲಿ ಟೇಬಲನ್ನು ಠೇವಣಿ ಇಡುತ್ತದೆ, ಅದರ ಕೋಡಿನಲ್ಲೂ ಅದಕ್ಕೆ ಡಿಪಾಸಿಟ್ ಅಂತಲೇ ಹೆಸರು. ನೀವೂ ಹಾಗೇ ಮಾಡಿ, 4 ಕೆಬಿ ಏನು ಜಾಸ್ತಿ ಅಲ್ಲ.

ಹೊತ್ತು ಕಳೆದಂತೆ ಮೆಮೊರಿ ಚೂರಾಗಿ, ಒಟ್ಟಿಗೆ 2 ಎಂಬಿ ಸಿಗೋದೇ ಕಷ್ಟ ಆಗುತ್ತದೆ. ಸಿಗದಿದ್ದರೆ ಎರರ್ ಕೊಡಬೇಡಿ, ಸುಮ್ನೆ 4 ಕೆಬಿಗೆ ಇಳಿಯಿರಿ. ಖಾತ್ರಿ ಬೇಕೇಬೇಕು ಅಂದರೆ ಬೂಟ್ ಆಗುವಾಗಲೇ ಒಂದಷ್ಟು ತೆಗೆದಿಡಿ.

ಪರೀಕ್ಷೆಗೆ ಕ್ಯೂಎಮು (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಸಾಕು. ಅದರ ಮಾನಿಟರಿನಲ್ಲಿ 'ಇನ್ಫೋ ಟಿಎಲ್‌ಬಿ' ಕೊಟ್ಟು, ಒಡೆಯುವ ಮುಂಚೆ ಇದ್ದ ಒಂದು ಸಾಲು ಆಮೇಲೆ 512 ಆಗಿದೆಯಾ, ಎಲ್ಲಾ ಸಾಲಿನ ಅನುಮತಿಯೂ ಸರಿ ಇದೆಯಾ ಎಣಿಸಿ ನೋಡಿ.