ಟ್ಯಾಬ್-ಸ್ಪೇಸ್ ಜಗಳ ನಿಂತದ್ದು ಹೀಗೆ

ಶಿವಮೊಗ್ಗದಲ್ಲಿ ನಾವು ನಾಲ್ವರು ಅಡಿಕೆ ಡ್ರೈಯರ್‌ಗೆ ಸಿ ಭಾಷೆಯಲ್ಲಿ ಕೋಡ್ ಬರೆಯುತ್ತೇವೆ. ಎರಡು ಸಾಲು ತಿದ್ದಿದರೂ, ಕೋಡಿನ ಬದಲಾವಣೆ ದಾಖಲಿಸಿ ತೋರಿಸುವ ಗಿಟ್ ಡಿಫ್‌ನಲ್ಲಿ ಇಡೀ ಫೈಲೇ ಬದಲಾದಂತೆ ಕಾಣುತ್ತಿತ್ತು. ಸಾಲಿನ ಆರಂಭದಲ್ಲಿ ಜಾಗ ಬಿಡಲು ಒಬ್ಬರದು ಟ್ಯಾಬ್, ಇನ್ನೊಬ್ಬರದು ಸ್ಪೇಸ್.

ನಿಯಮ ಬರೆದಿಟ್ಟೆವು, ಯಾರೂ ಓದಲಿಲ್ಲ. ಕ್ಲಾಂಗ್-ಫಾರ್ಮ್ಯಾಟ್ (ಕೋಡನ್ನು ತಾನೇ ಒಂದೇ ಶೈಲಿಗೆ ಜೋಡಿಸುವ ಸಾಧನ) ಸುಮ್ನೆ ಓಡಿಸಿದಾಗ, ಫೈಲಿನ ಮೇಲ್ಭಾಗದಲ್ಲಿ ಸೇರಿಸುವ ಹೆಡರ್‌ಗಳ ಕ್ರಮ ಬದಲಾಗಿ ಬಿಲ್ಡೇ ಕೆಟ್ಟಿತು.

ಕೊನೆಗೆ ಕೆಲಸ ಮಾಡಿದ್ದು ಇದು. ಪ್ರತ್ಯೇಕವಾಗಿ ನಡೆಯುತ್ತಿರುವ ಕೆಲಸದ ಬಾಕಿ ಬ್ರಾಂಚ್‌ಗಳನ್ನೆಲ್ಲ ಮೊದಲು ಮುಖ್ಯ ಕೋಡಿಗೆ ಮರ್ಜ್ ಮಾಡಿ. ಕ್ಲಾಂಗ್-ಫಾರ್ಮ್ಯಾಟ್ ಸೆಟ್ಟಿಂಗ್‌ನಲ್ಲಿ ಇಂಡೆಂಟ್‌ವಿಡ್ತ್ 8, ಟ್ಯಾಬ್‌ವಿಡ್ತ್ 8, ಯೂಸ್‌ಟ್ಯಾಬ್ ಆಲ್ವೇಸ್, ಸಾರ್ಟ್‌ಇನ್‌ಕ್ಲೂಡ್ಸ್ ಫಾಲ್ಸ್ (ಹೆಡರ್ ಕ್ರಮ ಬದಲಾಗದಿರಲು). 8 ಜಾಸ್ತಿ ಅನಿಸುತ್ತೆ ಅಲ್ವಾ? ಲಿನಕ್ಸ್ ಕರ್ನಲ್‌ನಲ್ಲೂ ಅಷ್ಟೇ. ಇಡೀ ಕೋಡಿಗೆ ಒಮ್ಮೆ ಓಡಿಸಿ, ಬೇರೇನೂ ಬೆರೆಸದೆ ಒಂದೇ ಕಮಿಟ್ (ಗಿಟ್ ದಾಖಲೆಗೆ ಸೇರುವ ಬದಲಾವಣೆ) ಮಾಡಿ. ಪ್ರತಿ ಸಾಲನ್ನು ಯಾರು ಬದಲಿಸಿದರೆಂದು ತೋರಿಸುವ ಗಿಟ್ ಬ್ಲೇಮ್ ಈ ಕಮಿಟನ್ನು ಲೆಕ್ಕಿಸದಿರಲು, ಅದರ 40 ಅಕ್ಷರದ ಪೂರ್ತಿ ಹ್ಯಾಶ್ (ಕಮಿಟಿನ ಗುರುತು) ಅನ್ನು ಒಂದು ಫೈಲಿಗೆ ಹಾಕಿ, ಗಿಟ್‌ನ ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್‌ನಲ್ಲಿ ಆ ಫೈಲಿನ ಹೆಸರು ಕೊಡಿ. ಗಿಟ್ 2.23 ಅಥವಾ ನಂತರದ್ದು ಬೇಕು. ಈ ಕೊನೆಯ ಸೆಟ್ಟಿಂಗ್ ಪ್ರತಿಯೊಬ್ಬರೂ ಅವರವರ ಕಂಪ್ಯೂಟರಿನಲ್ಲೇ ಮಾಡಬೇಕು.